ಡಿಸೆಂಬರಿನ ಭತ್ತ ಏಪ್ರಿಲಿಗೆ ಹೋದ ಬಗೆ

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಲೆಕ್ಕದ ಕೋಣೆಯನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಪ್ರಸಂಗ ಕಲ್ಪಿತವಾದರೂ ಅದರೊಳಗಿನ ತೊಡಕು ಕಲ್ಪಿತವಲ್ಲ. ಗಣಕಯಂತ್ರವಿರುವ ಯಾವ ಅಂಗಡಿಯಲ್ಲಾದರೂ, ಯಾವ ಕಚೇರಿಯಲ್ಲಾದರೂ ಅದು ನಡೆಯಬಲ್ಲುದು.

ಹೊರಗೆ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಸೋನಾ ಮಸೂರಿ ಭತ್ತದ ಚೀಲಗಳು ಲಾರಿಗಳಿಂದ ಇಳಿಯುತ್ತಿವೆ. ಒಳಗೆ, ಮೂವತ್ತು ವರ್ಷಗಳಿಂದ ಆ ಗಿರಣಿಯ ಖಾತೆ ಪುಸ್ತಕ ಬರೆಯುತ್ತ ಬಂದ ಗುಮಾಸ್ತರು ಒಂದು ಕಡೆ. ಬೆಂಗಳೂರಿನಲ್ಲಿ ವ್ಯಾಸಂಗ ಮುಗಿಸಿ ಬಂದು, ತಂದೆಯ ವ್ಯವಹಾರಕ್ಕೆ ಹೊಸದಾಗಿ ಗಣಕಯಂತ್ರವನ್ನು ತಂದಿರಿಸಿದ ಮಾಲೀಕರ ಮಗ ಇನ್ನೊಂದು ಕಡೆ. 2023ರ ಡಿಸೆಂಬರ್ ತಿಂಗಳ ಲೆಕ್ಕ ಎತ್ತುವ ದಿನ ಅದು. ಗುಮಾಸ್ತರೇ ಒಂದು ವಾರ ಕುಳಿತು, ಒಂದೇ ಬೆರಳಿನಿಂದ ಕೀಲಿಗಳನ್ನೊತ್ತಿ, ತಮ್ಮ ಖಾತೆಯ ನಮೂದುಗಳನ್ನೆಲ್ಲ ಯಂತ್ರಕ್ಕೆ ಏರಿಸಿದ್ದರು. ರೈತರಿಗೆ ಭತ್ತ ಹಾಕಿದ ಮೂವತ್ತು ದಿನಗಳಲ್ಲಿ ಹಣ ಕೊಡುವ ವಾಯಿದೆ. ಕಾರಟಗಿಯ ಕಡೆಯ ರೈತರೊಬ್ಬರು ಬೆಳಗಿನಿಂದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ.

ಮಗನು ಯಂತ್ರಕ್ಕೆ ತಿಂಗಳವಾರು ಮೊತ್ತ ಕೇಳಿದನು. ಬಂದ ಉತ್ತರ ವಿಚಿತ್ರವಾಗಿತ್ತು. ಡಿಸೆಂಬರಿನಲ್ಲಿ ಭತ್ತ ಬಂದುದು ಒಂದೇ ದಿನ, 12ನೆಯ ತಾರೀಖು! ಜನವರಿಯ 12ಕ್ಕೆ ಒಂದಿಷ್ಟು, ಫೆಬ್ರವರಿಯ 12ಕ್ಕೆ ಒಂದಿಷ್ಟು, ಮಾರ್ಚಿಯ 12ಕ್ಕೆ ಒಂದಿಷ್ಟು, ಹೀಗೆ ನವೆಂಬರಿನವರೆಗೆ ತಿಂಗಳು ತಪ್ಪದೆ 12ನೆಯ ತಾರೀಖಿಗೇ ಭತ್ತ ಬಂದಿದೆ! ಉಳಿದ ಚೀಲಗಳ ಸುಳಿವೇ ಇಲ್ಲ.

“ಕಾಕಾರ, ನಿಮ್ಮ ಖಾತೆಯೊಳಗ ತಿಂಗಳತುಂಬ ಭತ್ತ ಬಂದೈತಿ. ಇದರಾಗ ಒಂದ ದಿನ ತೋರಸ್ತೈತಿ. ಯಾವುದು ಖರೆ ಹೇಳ್ರಿ?” ಎಂದನು ಮಗ.

ಮೂವತ್ತು ವರ್ಷಗಳಲ್ಲಿ ಆ ಕೋಣೆಯಲ್ಲಿ ಯಾರೂ ಗುಮಾಸ್ತರಿಗೆ ಆ ಪ್ರಶ್ನೆ ಕೇಳಿರಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ತಮ್ಮಾ, ಈ ಖಾತೆ ನಾ ಬರದೇನಿ, ನನ್ನ ಕೇಳು. ಆ ಯಂತ್ರಕ್ಕ ಓದೂದು ಯಾರ ಕಲಿಸ್ಯಾರ, ಅವರನ್ನ ಕೇಳು” ಎಂದರು.

ಸಿಟ್ಟಿನಲ್ಲಿ ಆಡಿದ ಮಾತಾದರೂ ಅದರಲ್ಲಿ ಸಮಸ್ಯೆಯ ಬೀಗದ ಕೈಯೇ ಇತ್ತು. ಸಾಯಂಕಾಲ ಅವರ ಮಗಳು ಬಂದಳು. ಕೊಪ್ಪಳದಲ್ಲಿ ಗಣಕಶಾಸ್ತ್ರ ಓದುತ್ತಿರುವ ಹುಡುಗಿ. ಪರದೆಯನ್ನು ನೋಡಿ, ಒಂದೆರಡು ಕಡೆ ಒತ್ತಿ, ತಂದೆಯ ಕಡೆ ತಿರುಗಿ ಹೇಳಿದಳು: “ಅಪ್ಪಾ, ನಿಮ್ಮದೇನೂ ತಪ್ಪಿಲ್ಲ. ಈ ಯಂತ್ರ ತಾನು ಅಮೇರಿಕಾದಾಗ ಕುಂತೀನಿ ಅಂತ ತಿಳಕೊಂಡೈತಿ.”

ಒಂದು ಬರಹ, ಎರಡು ಓದು

ನಮ್ಮ ದೇಶದಲ್ಲಿ ತಾರೀಖು ಬರೆಯುವಾಗ ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಅಮೇರಿಕದವರು ಮೊದಲು ತಿಂಗಳು ಬರೆದು ಆಮೇಲೆ ದಿನ ಬರೆಯುತ್ತಾರೆ. ಗುಮಾಸ್ತರು 04/12/2023 ಎಂದು ಒತ್ತಿದ್ದು ಡಿಸೆಂಬರ್ 4 ಎಂಬ ಅರ್ಥದಲ್ಲಿ; ಯಂತ್ರ ಅದನ್ನು ಏಪ್ರಿಲ್ 12 ಎಂದು ಓದಿಕೊಂಡಿತು. ಮುಂಗಾರಿನ ಭತ್ತ ಬೇಸಗೆಯ ಬೆಳೆಯಾಗಿಹೋಯಿತು.

ಓದಿದ ಮೇಲೆ ಯಂತ್ರ ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಹೇಗೆಂಬುದೂ ತಿಳಿಯತಕ್ಕ ವಿಷಯ. ಎಕ್ಸೆಲ್‌ನಂತಹ ಲೆಕ್ಕದ ಹಾಳೆಯ ತಂತ್ರಾಂಶಗಳು ತಾರೀಖನ್ನು ತಾರೀಖಾಗಿ ಇಟ್ಟುಕೊಳ್ಳುವುದಿಲ್ಲ. 1900ರ ಜನವರಿ 1ನ್ನು ಒಂದು ಎಂದೆಣಿಸಿ, ಅಲ್ಲಿಂದಾಚೆಗೆ ದಿನಗಳ ಎಣಿಕೆಯನ್ನು ಇಟ್ಟುಕೊಳ್ಳುತ್ತವೆ. ಹೈದರಾಬಾದು ಸಂಸ್ಥಾನದ ಜನರಿಗೆ ಮರೆಯಲಾಗದ 1948ರ ಸೆಪ್ಟೆಂಬರ್ 17 ಈ ಲೆಕ್ಕದ ಹಾಳೆಯಲ್ಲಿ ಬರಿಯ 17793. ಹಾಗೆಯೇ 2023ರ ಡಿಸೆಂಬರ್ 4 ಎಂದರೆ 45264. ಅದೇ ವರ್ಷದ ಏಪ್ರಿಲ್ 12 ಎಂದರೆ 45028. ನಡುವೆ 236 ದಿನಗಳ ಅಂತರ. ವಾಯಿದೆಯ ಲೆಕ್ಕದಲ್ಲಿ, ಬಡ್ಡಿಯ ಲೆಕ್ಕದಲ್ಲಿ 236 ದಿನಗಳೆಂದರೆ ಸಣ್ಣ ಮಾತಲ್ಲ.

ಈ ತಪ್ಪಿನ ಕ್ರೂರತೆ ಇರುವುದು ಅದು ಕಣ್ಣಿಗೆ ಬೀಳದಿರುವುದರಲ್ಲಿ. ಏಪ್ರಿಲ್ 12 ಎಂದು ಒಳಗೆ ತಿಳಿದುಕೊಂಡ ಯಂತ್ರ ಅದನ್ನು ಮರಳಿ ತೋರಿಸುವಾಗ ಅಮೇರಿಕದ ಪದ್ಧತಿಯಲ್ಲೇ 4/12/2023 ಎಂದು ತೋರಿಸುತ್ತದೆ. ಗುಮಾಸ್ತರು ನೋಡಿದರು, ತಾವು ಒತ್ತಿದ್ದೇ ಕಾಣುತ್ತಿದೆ, ಸರಿಯಾಗಿದೆಯೆಂದು ನಂಬಿದರು. ಹೊರಗಿನ ವೇಷ ಒಂದೇ, ಒಳಗಿನ ಅರ್ಥ ಬೇರೆ. ಮೊತ್ತ ಕೂಡಿಸಿದಾಗಲೇ ಗುಟ್ಟು ರಟ್ಟಾದುದು.

ಹಾಗಾದರೆ ಡಿಸೆಂಬರ್ 13ರಿಂದಾಚೆಗಿನ ಭತ್ತ ಎಲ್ಲಿ ಹೋಯಿತು? ವರ್ಷಕ್ಕೆ ತಿಂಗಳುಗಳು ಹನ್ನೆರಡೇ. 14/12/2023 ಎಂದಾಗ ಹದಿನಾಲ್ಕನೆಯ ತಿಂಗಳು ಯಾವುದೆಂದು ಯಂತ್ರ ಹುಡುಕಿತು, ಸಿಕ್ಕಲಿಲ್ಲ. ಆದುದರಿಂದ ಅದನ್ನು ತಾರೀಖೆಂದೇ ಒಪ್ಪದೆ, ಯಾವುದೋ ಅಕ್ಷರಗಳ ಸಾಲೆಂದು ಹಾಗೆಯೇ ಬಿಟ್ಟಿತು. ತಾರೀಖಲ್ಲದ ಮೇಲೆ ತಿಂಗಳ ಲೆಕ್ಕಕ್ಕೆ ಅದು ಸೇರುವುದೆಂತು?

ಇದನ್ನು ವರ್ಷಕ್ಕೆಲ್ಲ ಹರಡಿ ನೋಡಬಹುದು. 365 ದಿನಗಳಲ್ಲಿ ಎರಡು ಪದ್ಧತಿಗಳಲ್ಲಿಯೂ ಒಂದೇ ಅರ್ಥ ಬರುವ ದಿನಗಳು 1/1, 2/2 ಮೊದಲಾಗಿ 12/12ರವರೆಗೆ ಹನ್ನೆರಡು ಮಾತ್ರ. 132 ದಿನಗಳು ಸದ್ದಿಲ್ಲದೆ ಬೇರೆ ದಿನಗಳಾಗಿ ಮಾರ್ಪಡುತ್ತವೆ. ಉಳಿದ 221 ದಿನಗಳು ತಾರೀಖಿನ ಪದವಿಯನ್ನೇ ಕಳೆದುಕೊಳ್ಳುತ್ತವೆ. ಎಲ್ಲವೂ ಒಮ್ಮೆಗೇ ಕೆಟ್ಟಿದ್ದರೆ ಕೂಡಲೇ ತಿಳಿಯುತ್ತಿತ್ತು. ಹೀಗೆ ಒಂದಿಷ್ಟು ಸರಿ, ಒಂದಿಷ್ಟು ತಪ್ಪು, ಒಂದಿಷ್ಟು ಮಾಯ ಎಂದಾದಾಗ ಜನ ದೂರುವುದು ಯಂತ್ರವನ್ನಲ್ಲ, ಅದರ ಮುಂದೆ ಕುಳಿತ ಮನುಷ್ಯನನ್ನು.

ನಾಡ ನಡೆ

ಯಂತ್ರಕ್ಕೆ ಈ ಓದನ್ನು ಕಲಿಸಿದವರಾರು? ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳು ಪ್ರತಿ ಯಂತ್ರದಲ್ಲಿಯೂ ಒಂದು ಸಣ್ಣ ಟಿಪ್ಪಣಿಯನ್ನು ಇಟ್ಟುಕೊಂಡಿರುತ್ತವೆ. ಈ ಯಂತ್ರದ ಒಡೆಯ ಯಾವ ಭಾಷೆಯವನು, ಯಾವ ದೇಶದವನು, ಅವನ ನಾಡಿನಲ್ಲಿ ತಾರೀಖು ಬರೆಯುವ ಕ್ರಮವೇನು, ದೊಡ್ಡ ಸಂಖ್ಯೆಯ ನಡುವೆ ಅಲ್ಪವಿರಾಮ ಎಲ್ಲಿ ಬೀಳುತ್ತದೆ, ದಶಮಾಂಶಕ್ಕೆ ಚುಕ್ಕೆಯೋ ಅಲ್ಪವಿರಾಮವೋ, ನಾಣ್ಯದ ಗುರುತು ಯಾವುದು, ಹೆಸರುಗಳನ್ನು ಯಾವ ಅಕ್ಷರಕ್ರಮದಲ್ಲಿ ಜೋಡಿಸಬೇಕು ಎಂಬುದೆಲ್ಲ ಅದರಲ್ಲಿ ಅಡಕವಾಗಿದೆ. ತಂತ್ರಜ್ಞರು ಇದಕ್ಕೆ ಲೊಕೇಲ್ ಎನ್ನುತ್ತಾರೆ. ಕನ್ನಡದಲ್ಲಿ ‘ನಾಡ ನಡೆ’ ಎಂದರೆ ಅರ್ಥ ಮರೆಯಾಗದು.

ಈ ನಾಡ ನಡೆಗೆ ಪುಟ್ಟದೊಂದು ಸಂಕೇತನಾಮವೂ ಉಂಟು. ಮೊದಲ ಎರಡಕ್ಷರ ಭಾಷೆಗೆ, ಆಮೇಲಿನ ಎರಡಕ್ಷರ ದೇಶಕ್ಕೆ. ಭಾರತದ ಕನ್ನಡಕ್ಕೆ ‘ಕೆಎನ್-ಐಎನ್’, ಭಾರತದ ಇಂಗ್ಲಿಷಿಗೆ ‘ಇಎನ್-ಐಎನ್’, ಅಮೇರಿಕದ ಇಂಗ್ಲಿಷಿಗೆ ‘ಇಎನ್-ಯುಎಸ್’. ಲೆಕ್ಕದ ತಂತ್ರಾಂಶವಾಗಲಿ, ಪತ್ರ ಬರೆಯುವ ತಂತ್ರಾಂಶವಾಗಲಿ ಸಂದೇಹ ಬಂದಾಗ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳುತ್ತದೆ: “ಇಲ್ಲಿಯ ಪದ್ಧತಿ ಹೇಗೆ?” ಅದು ಈ ಟಿಪ್ಪಣಿಯನ್ನು ನೋಡಿ ಉತ್ತರ ಹೇಳುತ್ತದೆ. ಹೊಸ ಊರಿಗೆ ಬಂದ ಸೊಸೆ ಅತ್ತೆಯನ್ನು ಕೇಳಿ ಅಡಿಗೆ ಮಾಡಿದಂತೆ. ಕೆಲವು ತಂತ್ರಾಂಶಗಳು ಯಾರನ್ನೂ ಕೇಳದೆ ತಮ್ಮ ತವರಿನ ಪದ್ಧತಿಯನ್ನೇ ನಡೆಸುವುದೂ ಉಂಟು. ಆದಕಾರಣವೇ ಒಂದೇ ಯಂತ್ರದೊಳಗೆ ಎರಡು ತಂತ್ರಾಂಶಗಳು ಒಂದೇ ತಾರೀಖನ್ನು ಎರಡು ಬಗೆಯಾಗಿ ತೋರಿಸುತ್ತವೆ.

ಯಂತ್ರವನ್ನು ಸಿದ್ಧಪಡಿಸುವಾಗ ಅಮೇರಿಕದ ಇಂಗ್ಲಿಷ್ ಮೊದಲ ಆಯ್ಕೆಯಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಅವಸರದಲ್ಲಿರುವವನು ‘ಮುಂದೆ’, ‘ಮುಂದೆ’ ಎಂದು ಒತ್ತುತ್ತ ಹೋಗುತ್ತಾನೆ. ಆ ಒಂದು ಒತ್ತಿನಿಂದ ಗಂಗಾವತಿಯ ಲೆಕ್ಕದ ಕೋಣೆ ಸಮುದ್ರದಾಚೆಗೆ ವರ್ಗವಾಗಿಹೋಗುತ್ತದೆ.

ಈ ನಾಡಿಗೆ ಇದು ಹೊಸತಲ್ಲ

ಬರೆದವನ ಪದ್ಧತಿ ಒಂದು, ಓದಿದವನ ಪದ್ಧತಿ ಇನ್ನೊಂದು ಎಂಬ ತೊಡಕು ಗಣಕಯಂತ್ರದೊಂದಿಗೆ ಹುಟ್ಟಿದುದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಿರಿಯರಿಗೆ ಇದರ ಅನುಭವ ಚೆನ್ನಾಗಿ ಇತ್ತು. ಈ ನಾಲ್ಕೂ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಮನೆಯ ಮಾತು ಕನ್ನಡ. ಸರಕಾರದ ಭಾಷೆ ಉರ್ದು. ಮನೆಯಲ್ಲಿ ಚೈತ್ರ, ವೈಶಾಖ. ಸರಕಾರಿ ಕಾಗದದಲ್ಲಿ ಆಜರ್, ದೈ, ಬಹಮನ್ ಎಂಬ ಪಾರಸಿ ಹೆಸರಿನ ತಿಂಗಳುಗಳು. ವರ್ಷವೂ ಬೇರೆ, ಅಲ್ಲಿ ನಡೆಯುತ್ತಿದ್ದುದು ಅಕ್ಟೋಬರಿನಲ್ಲಿ ಆರಂಭವಾಗುವ ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಇಂಗ್ಲಿಷ್ ವರ್ಷ. ಜನವರಿಯಿಂದಾಚೆಗಾದರೆ 591 ಕೂಡಿಸಬೇಕು. ಹಳೆಯ ಪತ್ರವೊಂದರಲ್ಲಿ 1350 ಎಂದಿದ್ದರೆ ಅದು ವಿಜಯನಗರದ ಕಾಲದ ಪತ್ರವಲ್ಲ, 1940-41ರದು. ಪದ್ಧತಿ ತಿಳಿಯದವನ ಕೈಗೆ ಆ ಕಾಗದ ಕೊಟ್ಟರೆ ಅಜ್ಜನ ಹೊಲದ ಪತ್ರವನ್ನು ಆರುನೂರು ವರ್ಷ ಹಿಂದಕ್ಕೆ ತಳ್ಳಿಯಾನು.

ನಾಣ್ಯದ ಮಾತೂ ಹಾಗೆಯೇ. ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿ ಬೇರೆ, ಬ್ರಿಟಿಷ್ ಇಂಡಿಯದ ಕಲ್ದಾರ್ ರೂಪಾಯಿ ಬೇರೆ. ಏಳು ಹಾಲಿಗೆ ಆರು ಕಲ್ದಾರ್. ನೂರು ಕಲ್ದಾರ್ ಬೇಕಾದರೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ ಎಣಿಸಬೇಕು. ಕಾಗದದ ಮೇಲೆ ಬರಿಯ ‘100 ರೂಪಾಯಿ’ ಎಂದು ಬರೆದರೆ ಜಗಳಕ್ಕೆ ದಾರಿಯಾದೀತೆಂದು ತಿಳಿದ ವ್ಯಾಪಾರಿ ‘ಹಾಲಿ’ಯೋ ‘ಕಲ್ದಾರೋ’ ಎಂಬುದನ್ನು ಸ್ಪಷ್ಟಪಡಿಸಬೇಕಾಗುತ್ತಿತ್ತು.

ಕಾಲ ಬಹುಬೇಗ ಬದಲಾಯಿತು. 1948ರಲ್ಲಿ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಅಂಗವಾಗಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದುವು. 1957ರ ಏಪ್ರಿಲ್ 1ರಿಂದ ಆಣೆ-ಪೈಗಳ ಸ್ಥಾನಕ್ಕೆ ನಯಾಪೈಸೆ ಬಂದಿತು. ಬೆನ್ನಿಗೇ ಸೇರು-ಮಣಗಳ ಬದಲು ಕಿಲೋಗ್ರಾಮು. ಹತ್ತೇ ವರ್ಷಗಳಲ್ಲಿ ಒಂದು ನಾಡಿನ ನಾಡ ನಡೆಯೇ ಮಾರ್ಪಟ್ಟಿತು. ಆದರೆ ಅಂದಿನ ಗುಮಾಸ್ತರಿಗೆ ಒಂದು ಅನುಕೂಲವಿತ್ತು. ಹಳೆಯ ಕಾಗದದಲ್ಲಿ ‘ಬಹಮನ್’ ಎಂದಿದ್ದರೆ ಇದು ಬೇರೆ ಪದ್ಧತಿಯೆಂದು ಕೂಡಲೇ ತಿಳಿಯುತ್ತಿತ್ತು. ಇಂದಿನ ಯಂತ್ರದ 4/12ರಲ್ಲಿ ಅಂತಹ ಗುರುತಿಲ್ಲ. ತಪ್ಪು ಓದಿಗೆ ದಾರಿಮಾಡುವುದು ಈ ಗುರುತಿಲ್ಲದ ಬರಹವೇ.

ಲಕ್ಷವೋ, ಮಿಲಿಯನ್ನೋ?

ತಾರೀಖಿನಷ್ಟೇ ಸಂಖ್ಯೆಯೂ ಊರಿಂದೂರಿಗೆ ವೇಷ ಬದಲಿಸುತ್ತದೆ. ಗಿರಣಿಯ ವರ್ಷದ ವಹಿವಾಟು ಒಂದೂಕಾಲು ಕೋಟಿಯೆಂದಿಟ್ಟುಕೊಂಡರೆ, ಭಾರತದ ಪದ್ಧತಿಯಲ್ಲಿ ಅದು 1,25,00,000. ಅಮೇರಿಕದ ಪದ್ಧತಿಗೆ ಹೊಂದಿಸಿದ ಯಂತ್ರ ಅದನ್ನೇ 12,500,000 ಎಂದು ತೋರಿಸುತ್ತದೆ. ಹಣ ಒಂದೇ, ಆದರೆ ಲಕ್ಷ-ಕೋಟಿಗಳಲ್ಲಿ ಯೋಚಿಸುವ ಮನುಷ್ಯ ಮೂರು ಮೂರು ಅಂಕಿಗಳ ಆ ಗುಂಪುಗಳನ್ನು ನೋಡಿದಾಗ ಬೆರಳೆಣಿಸಬೇಕಾಗುತ್ತದೆ. ಬೆರಳು ತಪ್ಪಿದರೆ ಸೊನ್ನೆಯೂ ತಪ್ಪುತ್ತದೆ.

ಜರ್ಮನಿಯಲ್ಲಿ ತೊಡಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ನಮ್ಮ ಚುಕ್ಕೆಯ ಕೆಲಸವನ್ನು ಅಲ್ಪವಿರಾಮ ಮಾಡುತ್ತದೆ. ಅಲ್ಪವಿರಾಮದ ಕೆಲಸವನ್ನು ಚುಕ್ಕೆ ಮಾಡುತ್ತದೆ. ಕುಷ್ಟಗಿಯ ಕಡೆಯ ಯುವಕನೊಬ್ಬ ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾನೆ, ಊರಿನ ದಾಳಿಂಬೆ ತೋಟದ ಖರ್ಚಿಗೆ ತಾನು ಕೊಡಬಲ್ಲ ಹಣದ ಪಟ್ಟಿಯನ್ನು ಅಲ್ಲಿಯ ಯಂತ್ರದಲ್ಲಿ ತಯಾರಿಸಿ ತಂಗಿಗೆ ಕಳುಹಿಸಿದ್ದಾನೆ ಎನ್ನೋಣ. ಅವನ 12.500 ಎಂದರೆ ಹನ್ನೆರಡೂವರೆ ಸಾವಿರ. ಬರಿಯ ಬರಹವಾಗಿ ಬಂದ ಆ ಅಂಕಿಯನ್ನು ಕುಷ್ಟಗಿಯ ಯಂತ್ರ ಓದುವುದು ಹನ್ನೆರಡೂವರೆ ಎಂದು! ಅಣ್ಣ ಜಿಪುಣನಾದನೆಂದು ತಂಗಿ ನೊಂದುಕೊಳ್ಳುವ ಮೊದಲು ಯಂತ್ರವನ್ನೊಮ್ಮೆ ವಿಚಾರಿಸುವುದು ಲೇಸು.

ಟರ್ಕಿಯ ಕಥೆ ತಂತ್ರಾಂಶ ಬರೆಯುವವರ ನಡುವೆ ಗಾದೆಯೇ ಆಗಿದೆ. ಆ ಭಾಷೆ ಬರೆಯುವ ರೋಮನ್ ಲಿಪಿಯಲ್ಲಿ ‘ಐ’ ಅಕ್ಷರ ಎರಡು ಬಗೆ: ಚುಕ್ಕೆಯಿರುವುದೊಂದು, ಇಲ್ಲದುದೊಂದು. ಚಿಕ್ಕಕ್ಷರದ ‘ಐ’ಯನ್ನು ದೊಡ್ಡಕ್ಷರಕ್ಕೆ ತಿರುಗಿಸಿದರೆ ಅಲ್ಲಿ ಚುಕ್ಕೆ ಉಳಿಯುತ್ತದೆ, ಇಂಗ್ಲಿಷಿನಲ್ಲಿ ಅಳಿಯುತ್ತದೆ. ಇದನ್ನು ಎಣಿಸದೆ ಬರೆದ ತಂತ್ರಾಂಶಗಳು, ಟರ್ಕಿಯ ನಾಡ ನಡೆಯ ಯಂತ್ರದಲ್ಲಿ, ತಾವೇ ಇಟ್ಟ ಹೆಸರನ್ನು ತಾವೇ ಗುರುತಿಸಲಾರದೆ ನಿಂತುಬಿಟ್ಟುವು. ಒಂದು ಚುಕ್ಕೆಯ ಪ್ರಭಾವ ಅಷ್ಟು.

ಮೊದಲ ಹೆಸರು ಯಾರದು?

ಇನ್ನು ಅಕ್ಷರಕ್ರಮ. ನಾಲ್ಕು ತಾಲ್ಲೂಕುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಜೋಡಿಸಿದರೆ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಂಬ ಕ್ರಮ ಬರುತ್ತದೆ. ಕನ್ನಡದಲ್ಲಿ ಬರೆದು ವರ್ಣಮಾಲೆಯಂತೆ ಜೋಡಿಸಿದರೆ ಕುಷ್ಟಗಿ, ಕೊಪ್ಪಳ, ಗಂಗಾವತಿ, ಯಲಬುರ್ಗಾ. ಇಂಗ್ಲಿಷಿನಲ್ಲಿ ಮೂರನೆಯದಾದ ಕುಷ್ಟಗಿ ಕನ್ನಡದಲ್ಲಿ ಮೊದಲನೆಯದು. ಅಲ್ಲಿ ಮೊದಲನೆಯದಾದ ಗಂಗಾವತಿ ಇಲ್ಲಿ ಮೂರನೆಯದು. ಹೊಸ ತಾಲ್ಲೂಕುಗಳಾದ ಕನಕಗಿರಿ, ಕಾರಟಗಿ, ಕುಕನೂರುಗಳನ್ನು ಸೇರಿಸಿದರೆ ಕನ್ನಡದ ಪಟ್ಟಿಯಲ್ಲಿ ಆ ಮೂರೂ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತವೆ. ಶಾಲೆಯ ಹಾಜರಿಯಲ್ಲಾಗಲಿ, ಕಚೇರಿಯ ಯಾದಿಯಲ್ಲಾಗಲಿ ಹೆಸರು ಹುಡುಕುವವನಿಗೆ ಯಾವ ಕ್ರಮವೆಂದು ತಿಳಿಯದಿದ್ದರೆ, ಇದ್ದ ಹೆಸರೂ ಇಲ್ಲವೆಂದು ತೋರೀತು. “ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ” ಎಂಬ ಮಾತಿನ ಹಿಂದೆ ಕೆಲವೊಮ್ಮೆ ಇಷ್ಟೇ ಇರುತ್ತದೆ.

ಕನ್ನಡಕ್ಕೆ ಈ ಮಟ್ಟಿನ ಸೌಕರ್ಯ ಸುಲಭವಾಗಿ ಬರಲಿಲ್ಲ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಸ್ಥಾನ ದೊರೆತಿದ್ದರೂ ಅದು ಜನರ ಯಂತ್ರಗಳಿಗೆ ಇಳಿದುಬರಲು ಕಾಲ ಹಿಡಿಯಿತು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗಿರಿಸಿದ್ದುವು. ಕಣ್ಣಿಗೆ ಕನ್ನಡ, ಯಂತ್ರದ ಬುದ್ಧಿಗೆ ಇಂಗ್ಲಿಷೇ. ಅಂತಹ ಬರಹವನ್ನು ಸಾಮಾನ್ಯ ಲೆಕ್ಕದ ಹಾಳೆಯಲ್ಲಿ ಅಕ್ಷರಕ್ರಮಕ್ಕೆ ಜೋಡಿಸಿದರೆ ಕ್ರಮವೂ ಆ ಮನೆಗಳದೇ ಆಗುತ್ತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಯೂನಿಕೋಡಿನ ಬೆಂಬಲ ಬಂದಿತು. ಅದರೊಂದಿಗೆ ಬಂದ ಕನ್ನಡ ಅಕ್ಷರವಿನ್ಯಾಸದ ಹೆಸರು ‘ತುಂಗಾ’. ಕೊಪ್ಪಳದ ಜನಕ್ಕೆ ತಮ್ಮ ಹೊಳೆಯ ಅರ್ಧ ಹೆಸರು ಅದು.

ಆದರೂ ಇಂದಿಗೂ ಒಂದು ತೊಡಕು ಕಾಣಸಿಗುತ್ತದೆ. ಕನ್ನಡದ ಪಟ್ಟಿಯೊಂದನ್ನು ತೆರೆದಾಗ ಅಕ್ಷರಗಳ ಬದಲು, ತಲೆಯ ಮೇಲೆ ಗೀಟುಗಳುಳ್ಳ ಐರೋಪ್ಯ ಅಕ್ಷರಗಳ ಜಾತ್ರೆ ಪರದೆಯ ತುಂಬ ನೆರೆದಿರುತ್ತದೆ. ಯೂನಿಕೋಡನ್ನು ಕಡತಗಳಲ್ಲಿ ಬರೆದಿಡುವ ಸಾಮಾನ್ಯ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ‘ಕೊಪ್ಪಳ’ ಎಂಬ ಪದದಲ್ಲಿ ಸಂಕೇತಗಳು ಆರು, ಬೈಟುಗಳು ಹದಿನೆಂಟು. ಹಳೆಯ ಪಾಶ್ಚಾತ್ಯ ಪದ್ಧತಿಯನ್ನೇ ನೆಚ್ಚಿದ ಯಂತ್ರ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದಿದರೆ ಊರಿನ ಹೆಸರು ಹದಿನೆಂಟು ಚೂರಾಗುತ್ತದೆ. ಕಡತ ಕೆಟ್ಟಿತೆಂದು ಅಳಿಸಿಹಾಕುವವರು ಉಂಟು. ಕಡತ ಕೆಟ್ಟಿರುವುದಿಲ್ಲ, ಓದಿದ ಪದ್ಧತಿ ಕೆಟ್ಟಿರುತ್ತದೆ. ‘ಯುಟಿಎಫ್-8’ ಎಂಬ ಕ್ರಮದಲ್ಲಿ ತೆರೆಯೆಂದು ಹೇಳಿದರೆ ಕನ್ನಡ ಮರಳಿ ಕಾಣುತ್ತದೆ.

ಕನ್ನಡದ ಅಂಕಿಗಳ ಗತಿಯೂ ಅಷ್ಟೇ. ೧, ೨, ೩ಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿದೆ, ಬೆಲೆಯೂ ಇದೆ. ಕೆಲವು ತಂತ್ರಾಂಶಗಳು ಅವನ್ನು ಸಂಖ್ಯೆಯೆಂದು ಒಪ್ಪಿ ಕೂಡಿಸುತ್ತವೆ. ಕೆಲವು ಬರಿಯ ಚಿತ್ರದಂತೆ ನೋಡಿ ಸುಮ್ಮನಿರುತ್ತವೆ. ಲೆಕ್ಕಕ್ಕೆ ಬಳಸುವ ಮೊದಲು ಎರಡನ್ನು ಕೂಡಿಸಿ ನೋಡುವುದು ವಿವೇಕ.

ಮನೆಯಲ್ಲಿ ಮಾಡಬಹುದಾದ ಮದ್ದು

ಇದಕ್ಕೆ ಪಂಡಿತರನ್ನು ಕರೆಸಬೇಕಾದುದಿಲ್ಲ. ವಿಂಡೋಸ್ ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’ ಎಂಬಲ್ಲಿ ಹೊಕ್ಕು ‘ರೀಜನ್’ ಎಂಬುದನ್ನು ತೆರೆದರೆ, ‘ರೀಜನಲ್ ಫಾರ್ಮ್ಯಾಟ್’ ಕಾಣುತ್ತದೆ. ಅಲ್ಲಿ ಅಮೇರಿಕ ಇದ್ದರೆ ತೆಗೆದು ‘ಇಂಗ್ಲಿಷ್ (ಇಂಡಿಯಾ)’ ಎಂಬುದನ್ನಾಗಲಿ, ಕನ್ನಡವನ್ನಾಗಲಿ ಆರಿಸಬೇಕು. ಇದರಿಂದ ಪರದೆಯ ಮೇಲಿನ ಭಾಷೆ ಬದಲಾಗುವುದೆಂಬ ಭಯ ಬೇಡ. ಪರದೆಯ ಭಾಷೆ ಬೇರೆ, ನಾಡ ನಡೆ ಬೇರೆ. ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತ ಭಾರತದ ತಾರೀಖನ್ನು ಇಟ್ಟುಕೊಳ್ಳಬಹುದು.

ಆದರೆ ಒಂದು ಎಚ್ಚರಿಕೆ. ಪದ್ಧತಿಯನ್ನು ಬದಲಿಸಿದ ಮಾತ್ರಕ್ಕೆ ಹಿಂದೆ ಆದ ತಪ್ಪು ಸರಿಹೋಗದು. ಏಪ್ರಿಲ್ 12 ಎಂದು ಒಳಗೆ ಕುಳಿತ 45028 ಹಾಗೆಯೇ ಇರುತ್ತದೆ. ಈಗ ಭಾರತದ ವೇಷದಲ್ಲಿ 12-04-2023 ಎಂದು ತನ್ನ ನಿಜರೂಪ ತೋರುತ್ತದೆ, ಅಷ್ಟೇ. ಅದನ್ನು ಮೂಲ ಖಾತೆಯೊಡನೆ ಹೋಲಿಸಿ ತಿದ್ದಲೇಬೇಕು. ಆದುದರಿಂದ ಮೂಲ ಖಾತೆಯನ್ನು ಅಟ್ಟದ ಮೇಲೆ ಎಸೆಯುವ ಅವಸರ ಬೇಡ.

ತಪ್ಪನ್ನು ಕಂಡುಹಿಡಿಯಲು ಸುಲಭವಾದ ಗುರುತೊಂದಿದೆ. ಬೇರೆ ವಿನ್ಯಾಸ ಮಾಡದ ಲೆಕ್ಕದ ಹಾಳೆಯಲ್ಲಿ, ತಾರೀಖೆಂದು ಒಪ್ಪಿಕೊಂಡದ್ದು ಮನೆಯ ಬಲಗಡೆಗೆ ಒರಗಿ ನಿಲ್ಲುತ್ತದೆ. ಬರಿಯ ಬರಹವೆಂದು ಬಿಟ್ಟದ್ದು ಎಡಗಡೆಗೆ. ಒಂದೇ ಸಾಲಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಯಂತ್ರ ಬೇರೆ ದೇಶದಲ್ಲಿದೆ ಎಂದು ಶಂಕಿಸಬೇಕು. ಗುಮಾಸ್ತರ ಮಗಳು ನೋಡಿದ್ದು ಇದನ್ನೇ.

ಇನ್ನು ತಪ್ಪೇ ಬಾರದಂತೆ ಬರೆಯುವ ಉಪಾಯ. ತಿಂಗಳನ್ನು ಹೆಸರಿನಿಂದ ಬರೆಯುವುದು ಹಳೆಯ ಕಾಲದ ಕ್ರಮ. ‘4 ಡಿಸೆಂಬರ್ 2023’ ಎಂದರೆ ಓದುವ ಯಾರಿಗೂ ಎರಡರ್ಥವಿಲ್ಲ. ಯಂತ್ರಕ್ಕೆ ಹೇಳಬೇಕಾದಾಗ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನವಾಗಿ 2023-12-04 ಎಂದು ಬರೆಯುವುದು ಉತ್ತಮ. 1988ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಕ್ರಮವಿದು. ಅಕ್ಷರಕ್ರಮಕ್ಕೆ ಜೋಡಿಸಿದರೂ ಕಾಲಕ್ರಮವೇ ಬರುವುದು ಇದರ ಹೆಚ್ಚಿನ ಗುಣ.

ಮನೆಯವರೆಲ್ಲ ಕೂಡಿ ಮಾಡಬಹುದಾದ ಕೆಲಸ ಇದಾದರೆ, ನಾಡಿನವರು ಕೂಡಿ ಮಾಡಬೇಕಾದುದು ಇನ್ನೊಂದಿದೆ. ಜಗತ್ತಿನ ಭಾಷೆಗಳ ನಾಡ ನಡೆಗಳನ್ನೆಲ್ಲ ಯೂನಿಕೋಡ್ ಒಕ್ಕೂಟ ಒಂದು ಭಂಡಾರದಲ್ಲಿ ಕೂಡಿಡುತ್ತಿದೆ. ‘ಸಿಎಲ್‌ಡಿಆರ್’ ಎಂದು ಅದರ ಹೆಸರು. ಕನ್ನಡದಲ್ಲಿ ವಾರಗಳ, ತಿಂಗಳುಗಳ, ದೇಶಗಳ ಹೆಸರು ಹೇಗೆ ಬರೆಯಬೇಕು, ಲಕ್ಷ-ಕೋಟಿಗಳನ್ನು ಹೇಗೆ ಸೂಚಿಸಬೇಕು ಎಂಬುದನ್ನು ಅನೇಕ ಸಂಸ್ಥೆಗಳ ತಂತ್ರಾಂಶಗಳು ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ಆ ಭಂಡಾರವನ್ನು ತುಂಬುವವರು ಆಯಾ ಭಾಷೆ ಬಲ್ಲವರು. ತಿದ್ದುಪಡಿ ಸೂಚಿಸಲು ಅಲ್ಲಿ ಬಾಗಿಲು ತೆರೆದಿದೆ. ಕನ್ನಡ ಬಲ್ಲವರು ಹೋಗದಿದ್ದರೆ ಕನ್ನಡದ ಮನೆ ಅರೆಬರೆಯಾಗಿಯೇ ಉಳಿದೀತು.

ಕೊಪ್ಪಳದವರಿಗೆ ಈ ಮಾತು ಬೇರೆಯವರಿಗಿಂತ ಒಂದು ಪಾಲು ಹೆಚ್ಚು ಸಲ್ಲುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜತೆಗೆ ಕೊಪಣ ನಗರವನ್ನೂ ಹೆಸರಿಸಿದೆ. ಆ ಕೊಪಣವೇ ಈ ಕೊಪ್ಪಳ. ಅದಕ್ಕೂ ಸಾವಿರ ವರ್ಷ ಹಿಂದೆ, ಅಶೋಕ ಚಕ್ರವರ್ತಿಯ ಶಾಸನಗಳು ಇಲ್ಲಿಯ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಬಂಡೆಗೇರಿದುವು. ಇಲ್ಲಿ ಆತನ ಮಾತು ಬ್ರಾಹ್ಮೀ ಲಿಪಿಯಲ್ಲಿದೆ. ವಾಯವ್ಯದ ಗಡಿಯ ಜನಕ್ಕಾಗಿ ಖರೋಷ್ಠಿಯಲ್ಲಿ ಬರೆಯಿಸಿದ. ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಯಿಸಿದ. ಚಕ್ರವರ್ತಿಯಾದವನೂ ತನ್ನ ಮಾತನ್ನು ಓದುವವನ ಪದ್ಧತಿಗೆ ಹೊಂದಿಸಿದ್ದ.

ಗಂಗಾವತಿಯ ಆ ಕೋಣೆಯಲ್ಲಿ ರಾತ್ರಿ ಎಂಟರ ಹೊತ್ತಿಗೆ ತಿದ್ದುಪಡಿ ಮುಗಿಯಿತು. ತಂದೆ ಖಾತೆ ನೋಡಿ ತಾರೀಖು ಓದಿದರು, ಮಗಳು ತಿದ್ದಿದಳು, ಮಾಲೀಕರ ಮಗ ಪಕ್ಕದಲ್ಲಿ ಕುಳಿತು ತಾಳೆ ನೋಡಿದನು. ಮೊತ್ತ ಚೀಲಕ್ಕೆ ಚೀಲ ಸರಿಹೊಂದಿತು. ಕಾರಟಗಿಯ ರೈತರಿಗೆ ಡಿಸೆಂಬರ್ 4ರ ಭತ್ತದ ಹಣ ಸಂದಿತು.

“ತಪ್ಪು ತಿಳಕೊಂಡೆ ಕಾಕಾರ” ಎಂದನು ಹುಡುಗ.

ಗುಮಾಸ್ತರು ಖಾತೆ ಮುಚ್ಚಿ, ಕನ್ನಡಕವನ್ನು ಅದರ ಡಬ್ಬಿಯಲ್ಲಿಟ್ಟರು. “ಇರಲಿ ತಮ್ಮಾ. ನಾಳೆ ಬಂದು ಉಳಿದ ತಿಂಗಳದ್ದೂ ನೋಡೋಣು” ಎಂದರು.